ಹಂಚಿಕೊಂಡ ಶೀಟ್‌ನಲ್ಲಿ ಸಾರ್ಟ್ ಒತ್ತೋ ಮುಂಚೆ

ಗೂಗಲ್ ಶೀಟ್ಸ್‌ನಲ್ಲಿ ನಾಲ್ಕೈದು ಜನ ಒಟ್ಟಿಗೆ ಕೆಲಸ ಮಾಡ್ತಿದ್ರೆ ನೇರವಾಗಿ ಸಾರ್ಟ್ (ಅಕ್ಷರ ಅಥವಾ ಸಂಖ್ಯೆಯ ಕ್ರಮದಲ್ಲಿ ಜೋಡಿಸೋದು) ಮಾಡ್ಬೇಡಿ. ಎಲ್ಲರ ಪರದೆಯಲ್ಲೂ ಸಾಲುಗಳು ಜಾಗ ಬದಲಿಸುತ್ತವೆ. ಒಮ್ಮೆ ನಾನು ಒಂದೇ ಕಾಲಂ ಸಾರ್ಟ್ ಮಾಡಿ, ಯಾರದೋ ಹೆಸರಿನ ಮುಂದೆ ಇನ್ಯಾರದೋ ಫೋನ್ ನಂಬರ್ ಕೂರಿಸಿಬಿಟ್ಟಿದ್ದೆ! ಡೇಟಾ ಮೆನುವಿನಲ್ಲಿ ಫಿಲ್ಟರ್ ವ್ಯೂ ಇದೆ, ಅದನ್ನ ಬಳಸಿ. ಅಲ್ಲಿ ಹೇಗೆ ಜೋಡಿಸಿದ್ರೂ ಬೇರೆಯವರ ನೋಟ ಕದಲಲ್ಲ. ಆದ್ರೆ ಸೆಲ್ ತಿದ್ದಿದ್ರೆ ಎಲ್ಲರಿಗೂ ಬದಲಾಗುತ್ತೆ, ನೆನಪಿರಲಿ.

ಎಡವಟ್ಟಾದ್ರೆ ಫೈಲ್ ಮೆನುವಿನ ವರ್ಷನ್ ಹಿಸ್ಟರಿಯಿಂದ ಹಳೇದನ್ನ ವಾಪಸ್ ತರಬಹುದು. ಆದರೆ ಪೂರ್ತಿ ಶೀಟ್ ಹಿಂದಕ್ಕೆ ಹೋಗುತ್ತೆ, ಆಮೇಲೆ ಉಳಿದವರು ತುಂಬಿದ್ದೂ ಹೋಗುತ್ತೆ. ಮೊದಲು ಒಂದು ಕಾಪಿ ಮಾಡಿಟ್ಕೊಳ್ಳಿ. ಯಾರು ಬದಲಿಸಿದ್ರು ಅಂತ ಹಿಸ್ಟರಿ ಹೇಳುತ್ತೆ, ಯಾಕೆ ಅಂತ ಹೇಳಲ್ಲ. ಅದನ್ನ ಫೋನ್ ಮಾಡಿಯೇ ಕೇಳ್ಬೇಕು.