ಚಿಂತಾಮಣಿಯಲ್ಲಿ ಕೂತೇ ಹವಳದ ವಂಶವೃಕ್ಷ ಬರೆಯುವುದು ಹೇಗೆ?

ನಮ್ಮ ಚಿಂತಾಮಣಿಯಿಂದ ಸಮುದ್ರ ನೋಡಲು ಅರ್ಧ ದಿನ ಬಸ್ಸಿನಲ್ಲಿ ಕೂರಬೇಕು. ಹವಳಗಳಲ್ಲಿ ಯಾರಿಗೆ ಯಾರು ನೆಂಟರು ಎಂದು ಪತ್ತೆ ಮಾಡಲು ಮಾತ್ರ ಮನೆ ಬಿಟ್ಟು ಏಳಬೇಕಿಲ್ಲ. ಲ್ಯಾಪ್‌ಟಾಪ್, ಇಂಟರ್‌ನೆಟ್, ಒಂದೆರಡು ಗಂಟೆ ಬಿಡುವು ಸಾಕು. ಕಡಲಿಂದ ಹವಳದ ತುಂಡು ತರಿಸುವ ಯೋಚನೆ ಬೇಡ; ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ಮೊದಲು ಐದು ಹೆಸರು ಬರೆದುಕೊಳ್ಳಿ. ಅಕ್ರೊಪೊರ, ಮಾಂಟಿಪೊರ, ಪೊರೈಟಿಸ್, ಪೊಸಿಲೊಪೊರ: ಈ ನಾಲ್ಕು ಕಲ್ಲುಹವಳ. ಐದನೆಯದು ಕೊರಾಲಿಯಂ, ಅಂದರೆ ಅಜ್ಜಿಯ ತಾಳಿಸರದ ಕೆಂಪು ಹವಳ. ಅದು ಕಲ್ಲುಹವಳವೇ ಅಲ್ಲ! ಅದರ ಬಾಯಿ ಸುತ್ತ ಎಂಟು ಎಳೆ. ಕಲ್ಲುಹವಳಕ್ಕೆ ಆರರ ಲೆಕ್ಕ. ದೂರದ ನೆಂಟನೊಬ್ಬ ಪಕ್ಕದಲ್ಲಿದ್ದರೆ ಹತ್ತಿರದವರು ಯಾರೆಂದು ಬೇಗ ಗೊತ್ತಾಗುತ್ತದೆ, ಅಲ್ವಾ?

ಎನ್‌ಸಿಬಿಐ ತಾಣ ತೆರೆಯಿರಿ; ಅದು ಜೀವಿಗಳ ಡಿಎನ್‌ಎ ದಾಖಲೆಗಳ ಉಚಿತ ಭಂಡಾರ. ಅಲ್ಲಿ ‘ನ್ಯೂಕ್ಲಿಯೋಟೈಡ್’ ಆರಿಸಿ. ಹವಳದ ಹೆಸರಿನ ಜೊತೆ ‘ಮೈಟೊಕಾಂಡ್ರಿಯನ್ ಕಂಪ್ಲೀಟ್ ಜೀನೋಮ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಮೈಟೊಕಾಂಡ್ರಿಯ ಅಂದರೆ ಜೀವಕೋಶಕ್ಕೆ ಶಕ್ತಿ ಕೊಡುವ ಭಾಗ, ಅದಕ್ಕೆ ತನ್ನದೇ ಡಿಎನ್‌ಎ ಇದೆ; ಜೀನೋಮ್ ಅಂದರೆ ಆ ಡಿಎನ್‌ಎ ಪೂರ್ತಿ. ದಾಖಲೆಯೊಳಗೆ ಸೈಟೋಕ್ರೋಮ್ ಬಿ ಜೀನ್ ಹುಡುಕಿ, ಅದರ ‘ಸಿಡಿಎಸ್’ (ಪ್ರೋಟೀನಿನ ಸೂತ್ರವಿರುವ ಭಾಗ) ಒತ್ತಿ. ಆ ಭಾಗಕ್ಕೆ ಮಾತ್ರ ಬಣ್ಣ ಬರುತ್ತದೆ. ಕೆಳಗೆ ‘ಫಾಸ್ಟಾ’ ಒತ್ತಿದರೆ ಬರೀ ಎ, ಟಿ, ಜಿ, ಸಿ ಎಂಬ ಡಿಎನ್‌ಎ ಅಕ್ಷರಗಳ ಸಾಲುಗಳು. ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ನಾನು ಮೊದಲ ಸಲ ಎಡವಿದ್ದು ಇಲ್ಲೇ. ಉಳಿದವುಗಳ ಜೀನ್ ಮಾತ್ರ ತೆಗೆದು, ಅಕ್ರೊಪೊರ ಟೆನುಯಿಸ್‌ನದು ಇಡೀ 18,338 ಅಕ್ಷರ ಪೇಸ್ಟ್ ಮಾಡಿದ್ದೆ. ಹೋಲಿಸಿದಾಗ ಪರದೆ ತುಂಬ ಬರೀ ಅಡ್ಡಗೆರೆ, ಅಂದರೆ ಜೋಡಿ ಸಿಗದ ಖಾಲಿ ಜಾಗ!

ಪ್ರತಿಯೊಂದರ ತಲೆಯಲ್ಲಿ ‘>’ ಗುರುತು, ಮುಂದೆ ಚಿಕ್ಕ ಹೆಸರು ಇರಲಿ. ಐದನ್ನೂ ಕ್ಲಸ್ಟಲ್ ಒಮೆಗಾ ಎಂಬ, ಡಿಎನ್‌ಎ ಸಾಲುಗಳನ್ನು ಹೊಂದಿಸುವ ಆನ್‌ಲೈನ್ ಸಾಧನಕ್ಕೆ ಹಾಕಿ, ಡಿಎನ್‌ಎ ಆರಿಸಿ, ಸಬ್‌ಮಿಟ್ ಮಾಡಿ. ಅಕ್ಷರಗಳು ಒಂದರ ಕೆಳಗೊಂದು ನಿಲ್ಲುತ್ತವೆ. ಐದರಲ್ಲೂ ಒಂದೇ ಅಕ್ಷರ ಇರುವ ಕಡೆ ನಕ್ಷತ್ರ. ನಕ್ಷತ್ರ ಇಲ್ಲದ ಕಡೆ ಸುಮ್ನೆ ಕಣ್ಣಾಡಿಸಿ. ಅಕ್ರೊಪೊರ, ಮಾಂಟಿಪೊರ ಎಷ್ಟು ಸಲ ಜೊತೆಗಿವೆ ನೋಡಿ.

ಈಗ ‘ಫೈಲೋಜೆನೆಟಿಕ್ ಟ್ರೀ’, ಅಂದರೆ ವಂಶವೃಕ್ಷ, ಒತ್ತಿ. ಅಕ್ರೊಪೊರ, ಮಾಂಟಿಪೊರ ಒಂದೇ ಟೊಂಗೆ. ಪೊರೈಟಿಸ್ ಅವುಗಳ ಕಡೆಗೆ, ಪೊಸಿಲೊಪೊರ ಬೇರೆ. ಕಣ್ಣಿಗೆ ಕಾಣುವುದು ಇದಕ್ಕೆ ತದ್ವಿರುದ್ಧ. ಅಕ್ರೊಪೊರ, ಪೊಸಿಲೊಪೊರ ಎರಡೂ ಕವಲೊಡೆದ ಗಿಡದಂತೆ. ಪೊರೈಟಿಸ್ ಜಾಸ್ತಿ ಗುಂಡುಬಂಡೆಯಂತೆ. ರೂಪ ನೋಡಿ ಕಟ್ಟಿದ್ದ ಹಳೆಯ ನೆಂಟಸ್ತಿಕೆಯನ್ನು 1996ರಲ್ಲಿ ವಿಜ್ಞಾನಿಗಳಾದ ಸಾಂಡ್ರಾ ರೊಮಾನೊ, ಸ್ಟೀಫನ್ ಪಲುಂಬಿ ಅಲುಗಾಡಿಸಿದ್ದು ಹೀಗೇ, ಮೈಟೊಕಾಂಡ್ರಿಯದ ಜೀನ್ ಹಿಡಿದು. ಕಲ್ಲುಹವಳಗಳಲ್ಲಿ ಎರಡು ದೊಡ್ಡ ಬಣ ಇವೆ ಎಂದು ಅವರು ತೋರಿಸಿದರು.

ಮರ ಬಂತಲ್ಲ ಎಂದು ಎರಡು ಬಗೆಯ ಅಕ್ರೊಪೊರಗಳನ್ನೇ ಹೋಲಿಸಲು ಹೋಗಬೇಡಿ. ಹವಳದ ಮೈಟೊಕಾಂಡ್ರಿಯ ಬಹಳ ನಿಧಾನಕ್ಕೆ ಬದಲಾಗುತ್ತದೆ; ಪರದೆ ತುಂಬ ನಕ್ಷತ್ರವೇ ಕಾಣುತ್ತದೆ. ಅದಕ್ಕೆ ಕೋಶಕೇಂದ್ರದ ಜೀನ್‌ಗಳು ಬೇಕು. 2011ರಲ್ಲಿ ಓಕಿನಾವದ ತಂಡ ಅಕ್ರೊಪೊರ ಡಿಜಿಟಿಫೆರಾದ ಜೀನೋಮ್ ಪ್ರಕಟಿಸಿತು: ಸುಮಾರು 42 ಕೋಟಿ ಅಕ್ಷರ. ಆ ಕಡತಕ್ಕೆ ಕೈ ಹಾಕುವ ಮುಂಚೆ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ.