ದನಕ್ಕಿಲ್ಲದ ಹುಲ್ಲು ಗಿಡಕ್ಕೆ

ಬೇಲೂರು ಕಡೆ ನಮ್ಮದು ಕೆಂಪು ಮಣ್ಣು. ಮಳೆ ಹೊಡೆದು ಎರಡು ದಿನ ಬಿಸಿಲು ಬಿದ್ದರೆ ಸಾಕು, ಮೇಲೆ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಮಾರ್ಚ್ ಬಂದರೆ ಬಾವಿಯ ತಳ ಕಾಣುತ್ತದೆ. 10 ಗುಂಟೆ ಟೊಮೆಟೊ, ಬೀನ್ಸ್, ಮೆಣಸಿಗೆ ದಿನ ಬಿಟ್ಟು ದಿನ ನೀರು ಕೊಡೋದು ಕಷ್ಟವಾಯಿತು. ಅದಕ್ಕೇ ತೇವ ಆರದ ಹಾಗೆ ಗಿಡಗಳ ಸುತ್ತ ಮಣ್ಣಿನ ಮೇಲೆ ಹುಲ್ಲು, ತರಗು ಹಾಸಿ ಹೊದಿಕೆ ಹಾಕಲು ಶುರು ಮಾಡಿದ್ದು.

ಮೊದಲ ಸಲದ ಪೆದ್ದತನ ಹೇಳಿಬಿಡುತ್ತೇನೆ. ಮರ ಕೊಯ್ಯುವ ಮಿಲ್ಲಿನಲ್ಲಿ ಹೊಟ್ಟು ಪುಕ್ಕಟೆ ಸಿಕ್ಕಿತು. ತಂದು ಮೆಣಸಿನ ಸಾಲಿಗೆ ಸುರಿದೆ, ಒಳ್ಳೆಯದಾಗಲಿ ಅಂತ ಮಣ್ಣಿಗೂ ಕಲೆಸಿದೆ. ಸ್ವಲ್ಪ ದಿನಕ್ಕೇ ಕೆಳಗಿನ ಎಲೆಗಳು ಹಳದಿ ತಿರುಗಿದವು. ಹಸಿ ಹೊಟ್ಟನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕಲ್ವಾ? ಮಣ್ಣಲ್ಲಿ ಇದ್ದದ್ದನ್ನು ಗಿಡಕ್ಕಿಂತ ಮೊದಲು ಅವೇ ಎಳೆದುಕೊಂಡಿದ್ದವು. 1 ಲೀಟರ್ ಗಂಜಲಕ್ಕೆ 10 ಲೀಟರ್ ನೀರು ಬೆರೆಸಿ ಬುಡಕ್ಕೆ ಹಾಕುತ್ತಾ ಬಂದೆ. ಗಿಡ ಉಳಿದವು, ಆದರೆ ಕಾಯಿ ತಡವಾಯಿತು.

ಆಮೇಲೆ ಭತ್ತದ ಹುಲ್ಲಿಗೆ ಬಂದೆ. "ದನಕ್ಕಿಲ್ಲದ ಹುಲ್ಲು ಗಿಡಕ್ಕೆ ಹಾಸ್ತೀಯೇನೋ?" ಅಂತ ಅಮ್ಮ ರೇಗಿದರು. ಅವರು ಹೇಳಿದ್ದೂ ಸರಿಯೇ. ಹಾಗಾಗಿ ಮೆದೆಯ ತಳದಲ್ಲಿ ಮುಗ್ಗಿದ, ದನ ಮೂಸದ ಹುಲ್ಲು ಮಾತ್ರ ತೆಗೆದೆ. ಸಾಲದ್ದಕ್ಕೆ ಪಕ್ಕದ ಕಾಫಿ ತೋಟದ ಅಂಚಿನಿಂದ ಸಿಲ್ವರ್ ಓಕ್ ತರಗು ಕೇಳಿ ತಂದೆ. ತರಗು ಬೇಗ ಕರಗೋದಿಲ್ಲ, ಬೇಸಿಗೆಗೆ ಅದೇ ಚೆನ್ನ.

ಕಳೆ ಕಿತ್ತು, ನೀರು ಹಾಯಿಸಿ, ಆಮೇಲೆ ಹಾಸಬೇಕು. ಒಣ ಮಣ್ಣಿನ ಮೇಲೆ ಹಾಸಿದರೆ ಆ ಒಣಗನ್ನೇ ಕಾಪಾಡಿದ ಹಾಗೆ. ಗಿಡ ಒಂದು ಗೇಣು ಬೆಳೆದ ಮೇಲೆ 3 ಇಂಚು ದಪ್ಪ ಹಾಸುತ್ತೇನೆ, ಬುಡದ ಸುತ್ತ ನಾಲ್ಕು ಬೆರಳು ಜಾಗ ಬಿಡುತ್ತೇನೆ. ಕಾಂಡಕ್ಕೆ ಒತ್ತಿ ಹಾಸಿದ ಎರಡು ಟೊಮೆಟೊ ಗಿಡ ಕೊಳೆತ ಮೇಲೆ ಕಲಿತದ್ದು ಇದು.

ಏಪ್ರಿಲ್‌ನ ಒಂದು ಮಧ್ಯಾಹ್ನ ಹುಲ್ಲು ಎತ್ತಿ ಕೈಯಿಟ್ಟು ನೋಡಿದೆ. ಪಕ್ಕದ ಬರಿ ಸಾಲಿನ ಮಣ್ಣು ಕೈ ಸುಡುತ್ತಿತ್ತು, ಹುಲ್ಲಿನಡಿ ತಣ್ಣಗಿತ್ತು. ಹುಲ್ಲಿಗೆ ಬಿಳಿ ಬೂಸಿನ ಎಳೆ ಹಿಡಿದಿತ್ತು, ಎರೆಹುಳುವಿನ ಹಿಕ್ಕೆ ಸಣ್ಣ ಗುಪ್ಪೆಯಾಗಿತ್ತು. ನೀರು ನಾಲ್ಕು ದಿನಕ್ಕೊಮ್ಮೆ ಸಾಕಾಯಿತು.

ಸುಮ್ನೆ ಹಿಗ್ಗಿದ್ದೆ. ಜೂನ್‌ನಲ್ಲಿ ಮಳೆ ಹಿಡಿದಾಗ ಅದೇ ದಪ್ಪ ಹೊದಿಕೆ ಬಸವನಹುಳುವಿಗೆ ಮನೆಯಾಯಿತು. ಬೀನ್ಸ್ ಮೊಳಕೆ ರಾತ್ರೋರಾತ್ರಿ ಮಾಯ. ಒದ್ದೆ ಗೋಣಿಚೀಲದಡಿ ಎಲೆಕೋಸಿನ ಎಲೆ ಇಟ್ಟು, ಅಲ್ಲಿ ಸೇರಿದ ಹುಳುಗಳನ್ನು ಬೆಳಗ್ಗೆ ಆರಿಸಿ ಉಪ್ಪು ನೀರಿಗೆ ಹಾಕಿದೆ. ಈಗ ಮಳೆಗೆ ಮುಂಚೆ ಹೊದಿಕೆ ಎಳೆದು ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಟೊಮೆಟೊ ಸಾಲಿಗೆ ಮಾತ್ರ ತೆಳ್ಳಗೆ ಉಳಿಸುತ್ತೇನೆ. ಮಣ್ಣು ಎಲೆಗೆ ಸಿಡಿಯದಿದ್ದರೆ ಎಲೆಚುಕ್ಕೆ ಕಡಿಮೆ.

ಹುಲ್ಲಿನಲ್ಲಿ ಉಳಿದ ಭತ್ತ ಮೊಳೆಯೋದು ಮಾತ್ರ ತಪ್ಪಿಲ್ಲ. ಹಸಿರಾಗಿ ಎದ್ದಾಗ ಅಮ್ಮನೇ ಕಿತ್ತು ಕೊಟ್ಟಿಗೆಗೆ ಒಯ್ಯುತ್ತಾರೆ.