ಅಪ್ಪಯ್ಯನ ದನಿ ಕಳೆದುಕೊಂಡ ಮೇಲೆ

ನಮ್ಮ ಅಪ್ಪಯ್ಯ ತಾಳಮದ್ದಳೆಯ ಅರ್ಥಧಾರಿ, ಎಂದರೆ ವೇಷವಿಲ್ಲದೆ ಕುಳಿತು ಪಾತ್ರದ ಮಾತನ್ನು ಆಡುವವರು. ಸಾಗರ, ಸಿದ್ದಾಪುರದ ಕಡೆಯ ಊರುಗಳಿಂದ ಮಳೆಗಾಲದ ಕೂಟಗಳಿಗೆ ಕರೆ ಬಂದರೆ ತಪ್ಪಿಸುತ್ತಿರಲಿಲ್ಲ. ಕೊನೆಯ ಆರೇಳು ವರ್ಷ ಪ್ರತಿ ಕೂಟವನ್ನೂ ತಮ್ಮ ಮೊಬೈಲಿನಲ್ಲೇ ಧ್ವನಿಮುದ್ರಿಸಿಕೊಂಡು ಬರುತ್ತಿದ್ದರು. ಮರುದಿನ ಜಗಲಿಯಲ್ಲಿ ಕುಳಿತು ಕೇಳಿ, ಎಲ್ಲಿ ಮಾತು ಉದ್ದವಾಯಿತು, ಎಲ್ಲಿ ಎದುರು ಅರ್ಥಧಾರಿಯ ಪ್ರಶ್ನೆಗೆ ಉತ್ತರ ಸಾಲದಾಯಿತು ಎಂದು ಡೈರಿಯಲ್ಲಿ ಗುರುತು ಹಾಕುತ್ತಿದ್ದರು. ಫೋನು ತುಂಬಿತೆಂದು ದೂರು ಹೇಳಿದಾಗ, ಆ ಕಡತಗಳೆಲ್ಲ ತಾವಾಗಿಯೇ ಒಂದು ಕಂಪನಿಯ ಖಾತೆಗೆ ಹೋಗಿ ಸೇರುವಂತೆ ಹೊಂದಿಸಿಕೊಟ್ಟವನು ನಾನೇ.

ಅವರು ತೀರಿಕೊಂಡ ವರ್ಷ ಮಳೆಗಾಲದ ತೇವಕ್ಕೆ ಆ ಫೋನು ಕೆಟ್ಟಿತು. ಸಿಮ್ಮಿಗೆ ಯಾರೂ ಹಣ ಹಾಕಲಿಲ್ಲ. ವರ್ಷಾಂತದ ಹೊತ್ತಿಗೆ ಅಮ್ಮ ಕೇಳಿದರು: ‘ಅವರ ಭೀಷ್ಮನ ಅರ್ಥ ಒಂದು ಸಲ ಕೇಳಿಸುತ್ತೀಯೇನೋ?’

ಪಾಸ್‌ವರ್ಡ್ ಡೈರಿಯ ಹಿಂಬದಿಯಲ್ಲಿತ್ತು. ಅದನ್ನು ಹಾಕಿದೆ. ಹೊಸ ಸಾಧನದಿಂದ ಬಂದಿದ್ದೀರಿ, ನಿಮ್ಮ ಮೊಬೈಲಿಗೆ ಸಂಕೇತ ಕಳುಹಿಸಿದ್ದೇವೆ ಎಂಬ ಸಾಲು ಬಂತು. ಯಾವ ಮೊಬೈಲು? ನಮ್ಮಲ್ಲಿ 90 ದಿನ ಬಳಕೆಯಿಲ್ಲದೆ ಬಿದ್ದ ಸಂಖ್ಯೆಯನ್ನು ಸಿಮ್ಮಿನ ಕಂಪನಿ ನಿಲ್ಲಿಸಬಹುದು. ನಿಲ್ಲಿಸಿದ ಮೇಲೆ ಕನಿಷ್ಠ ಇನ್ನೂ 90 ದಿನ ಕಳೆದರೆ ಅದು ಬೇರೆಯವರ ಪಾಲು. ಅಪ್ಪಯ್ಯನ ಸಂಖ್ಯೆಗೆ ಕರೆ ಮಾಡಿದೆ. ಒಬ್ಬ ಹುಡುಗ ಎತ್ತಿಕೊಂಡ. ವಿಷಯ ಹೇಳಿದೆ. ಅವನು ಬಹಳ ಮರ್ಯಾದೆಯಿಂದಲೇ ಹೇಳಿದ: ‘ಬೇಸರ ಮಾಡಿಕೊಳ್ಳಬೇಡಿ ಸರ್, ಒಟಿಪಿ ಯಾರಿಗೂ ಹೇಳಬಾರದು ಎಂದು ಬ್ಯಾಂಕಿನವರೇ ಹೇಳುತ್ತಾರೆ.’ ಅವನು ಮಾಡಿದ್ದು ಸರಿ. ನನ್ನ ಮಗನೂ ಅಪರಿಚಿತರಿಗೆ ಹಾಗೆಯೇ ಹೇಳಬೇಕು.

ಕಡತಗಳ ಖಾತೆಯ ಕಂಪನಿಗೆ ಮರಣ ಪ್ರಮಾಣಪತ್ರ ಕಳುಹಿಸಿದೆ. ಪ್ರತಿ ಸಲವೂ ಅಚ್ಚಿನಲ್ಲಿ ಎರಕ ಹೊಯ್ದಂಥ ಅದೇ ಉತ್ತರ. ಖಾತೆ ತೆರೆಯಲಿಲ್ಲ. ಕೊನೆಗೆ ಅಪ್ಪಯ್ಯನ ಜೊತೆ ಕೂತು ಪದ ಹಾಡುತ್ತಿದ್ದ ಒಬ್ಬ ಭಾಗವತರ ಫೋನಿನಲ್ಲಿ ನಾಲ್ಕು ಧ್ವನಿಮುದ್ರಣಗಳು ಸಿಕ್ಕವು. ಭೀಷ್ಮ ಅದರಲ್ಲಿ ಇರಲಿಲ್ಲ.

ಖಾಸಗಿತನ ಎಂದರೆ ಬಚ್ಚಿಡುವುದು ಎಂದು ತಿಳಿದಿದ್ದೆ. ನಮ್ಮಲ್ಲಿ ಬಚ್ಚಿಡುವಂಥದ್ದು ಏನೂ ಇರಲಿಲ್ಲ, ಹಾಗಾಗಿ ಅದರ ಚಿಂತೆಯನ್ನೂ ಮಾಡಿರಲಿಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿದಾಗ, ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂದು ಪತ್ರಿಕೆಯಲ್ಲಿ ಓದಿ ಹೆಮ್ಮೆಪಟ್ಟಿದ್ದೆ, ಅಷ್ಟೆ. ಆ ಹಕ್ಕಿನಲ್ಲಿ ನನ್ನ ವಸ್ತು ಎಲ್ಲಿದೆ, ಅದರ ಕೀಲಿಕೈ ಯಾರ ಸೊಂಟದಲ್ಲಿದೆ ಎಂಬ ಪ್ರಶ್ನೆಯೂ ಸೇರಿದೆ ಎಂದು ನನಗೆ ಅರ್ಥವಾದದ್ದು ಆ ಹುಡುಗ ಫೋನ್ ಇಟ್ಟ ಮೇಲೆ.

ಮೊದಲು ನನ್ನದೇ ಖಾತೆಯಿಂದ ಎಲ್ಲವನ್ನೂ ಮನೆಗೆ ತಂದೆ. ಗೂಗಲ್ಲಿನಲ್ಲಿ ಟೇಕ್‌ಔಟ್ ಎಂಬ ವ್ಯವಸ್ಥೆ 2011ರಿಂದಲೇ ಇದೆ. ಕೇಳಿದರೆ ನಮ್ಮ ಸರಕನ್ನೆಲ್ಲ ಗಂಟು ಕಟ್ಟಿ ಕೊಡುತ್ತದೆ. ನನ್ನದು ಸುಮಾರು 140 ಜಿಬಿ. 50 ಜಿಬಿಯ ಗಂಟುಗಳನ್ನು ಕೇಳಿಕೊಂಡಿದ್ದು ತಪ್ಪಾಯಿತು. ಮೂರನೆಯ ಗಂಟು ಇಳಿಯುತ್ತಿದ್ದಾಗ ಗುಡುಗು ಶುರುವಾಗಿ ರೂಟರಿನ ತಂತಿ ಕಿತ್ತೆ. ಮಲೆನಾಡಿನಲ್ಲಿ ಏಪ್ರಿಲ್ ಸಂಜೆ ಕೀಳದಿದ್ದರೆ ರೂಟರೇ ಉಳಿಯುವುದಿಲ್ಲ. ಮತ್ತೆ ಮೊದಲಿನಿಂದ ಶುರು. ಇಳಿಸಿಕೊಳ್ಳಲು ಕೊಡುವ ಕೊಂಡಿಯ ಆಯಸ್ಸು ಒಂದು ವಾರ ಮಾತ್ರ. ಎರಡನೆಯ ಸಲ 2 ಜಿಬಿಯ ಸಣ್ಣ ಗಂಟುಗಳನ್ನು ಕೇಳಿದೆ. ಎಣಿಕೆ ಹೆಚ್ಚಾಯಿತು, ಕೆಲಸ ಮುಗಿಯಿತು.

ಬಿಚ್ಚಿದಾಗ ಇನ್ನೊಂದು ತೊಡಕು. ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳಿಗೆ ದಿನಾಂಕ ಚಿತ್ರದೊಳಗೇ ಇರುತ್ತದೆ. ಆದರೆ ಸ್ಕ್ಯಾನ್ ಮಾಡಿದ ಹಳೆಯ ಫೋಟೊಗಳಿಗೆ, ಅಜ್ಜನ ಮನೆಯ ಉಪನಯನ, ಅತ್ತೆಯ ಮದುವೆ ಎಂದು ನೆನಪಿಸಿಕೊಂಡು ನಾನು ಕೈಯಾರೆ ಹಾಕಿದ್ದ ದಿನಾಂಕಗಳು ಪಕ್ಕದ ಜೇಸನ್ ಎಂಬ ಪುಟ್ಟ ಪಠ್ಯ ಕಡತಗಳಲ್ಲಿದ್ದವು. ಚಿತ್ರಗಳನ್ನು ಮಾತ್ರ ಎತ್ತಿಟ್ಟು ಆ ಪುಟ್ಟ ಕಡತಗಳನ್ನು ಕಸವೆಂದು ಎಸೆದಿದ್ದರೆ ಆ ದಿನಾಂಕಗಳೆಲ್ಲ ಹೋಗುತ್ತಿದ್ದವು. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ಅವನ್ನು ಚಿತ್ರಗಳೊಳಗೆ ಸೇರಿಸಲು ಮೂರು ಭಾನುವಾರ ಹಿಡಿಯಿತು.

ಇಡುವುದಕ್ಕೆ ಹೊಸ ಯಂತ್ರ ಕೊಳ್ಳಲಿಲ್ಲ. ಮೂಲೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುವುದರಿಂದ ಕರೆಂಟು ಹೋದರೂ ಯಂತ್ರ ತಟ್ಟನೆ ಆರುವುದಿಲ್ಲ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ ಇದು ದೊಡ್ಡ ಅನುಕೂಲ. ಮುಚ್ಚಳ ಮುಚ್ಚಿದರೆ ನಿದ್ದೆಗೆ ಜಾರದಂತೆ ಒಂದು ಸಾಲು ಬದಲಿಸಬೇಕು, ಅಷ್ಟೆ. ಆದರೆ ವರ್ಷವಿಡೀ ಚಾರ್ಜಿಗೆ ಹಾಕಿಟ್ಟಿದ್ದಕ್ಕೆ ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡು ಮೇಲೆದ್ದಿತು. ಹಾಗೆಯೇ ಬಿಟ್ಟಿದ್ದರೆ ಬೆಂಕಿ ಹತ್ತುವ ಅಪಾಯವಿತ್ತು. ಬೇರೆ ಬ್ಯಾಟರಿ ಹಾಕಿಸಿ, ಶೇ. 60ಕ್ಕಿಂತ ಹೆಚ್ಚು ತುಂಬದಂತೆ ಮಿತಿ ಇಟ್ಟಿದ್ದೇನೆ.

ಮನೆಯವರ ಫೋನುಗಳಿಂದ ಲ್ಯಾಪ್‌ಟಾಪಿಗೆ ಚಿತ್ರಗಳು ಸಿಂಕ್‌ಥಿಂಗ್ ಎಂಬ ತಂತ್ರಾಂಶದ ಮೂಲಕ ಬರುತ್ತವೆ. ಕಡತಗಳನ್ನು ಇಟ್ಟುಕೊಳ್ಳುವ ಮೂರನೆಯವರು ನಡುವೆ ಯಾರೂ ಇಲ್ಲ, ಯಂತ್ರದಿಂದ ಯಂತ್ರಕ್ಕೆ ಗೂಢಲಿಪಿಯಲ್ಲೇ ಹೋಗುತ್ತವೆ. ಮೊದಲ ತಿಂಗಳಿನಲ್ಲೇ ಒಂದು ಪೆಟ್ಟು ತಿಂದೆ: ಮಗ ಆಟಕ್ಕೆ ಜಾಗ ಬೇಕೆಂದು ಫೋನಿನಲ್ಲಿ ಒಂದು ಫೋಲ್ಡರ್ ಅಳಿಸಿದ, ಲ್ಯಾಪ್‌ಟಾಪಿನಲ್ಲೂ ಅದು ಅಳಿಸಿಹೋಯಿತು. ಎರಡು ಕಡೆಯೂ ಒಂದೇ ಇರುವಂತೆ ಹೊಂದಿಸುವುದು ಬೇರೆ, ಕಾಪಿಡುವುದು ಬೇರೆ. ಈಗ ಅಳಿಸಿದ್ದನ್ನೂ ಪಕ್ಕಕ್ಕೆ ತೆಗೆದಿಡುವ ಆಯ್ಕೆಯನ್ನು ತೆರೆದಿದ್ದೇನೆ. ಜೊತೆಗೆ ರೆಸ್ಟಿಕ್ ಎಂಬ ತಂತ್ರಾಂಶದಿಂದ ಎರಡು ಹಾರ್ಡ್‌ಡಿಸ್ಕುಗಳಿಗೆ ಬೀಗ ಹಾಕಿದ ಪ್ರತಿ ಮಾಡುತ್ತೇನೆ. ಒಂದು ಮನೆಯಲ್ಲಿ, ಇನ್ನೊಂದು ಮೈಸೂರಿನ ಅಕ್ಕನ ಮನೆಯಲ್ಲಿ.

ಬೀಗವೆಂದರೆ ಪಾಸ್‌ವರ್ಡ್. ನಿಘಂಟಿನ ಪುಟಗಳನ್ನು ದಾಳ ಹಾಕಿ ಆರಿಸಿ, ಸಿಕ್ಕ ಆರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದೆ. ನೆನಪಿಡಲು ಸುಲಭ, ಊಹಿಸಲು ಬಹಳ ಕಷ್ಟ. ಎರಡು ತಿಂಗಳ ನಂತರ ತೆರೆಯಲು ಹೋದರೆ ಬೀಗ ತೆರೆಯಲಿಲ್ಲ. ಪದಗಳೆಲ್ಲ ನೆನಪಿವೆ; ದೀರ್ಘಕ್ಕೆ ಎರಡು ‘ಎ’ ಹಾಕಿದ್ದೆನೋ ಒಂದೋ, ಳಕಾರವನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೆನೋ ಸಣ್ಣದರಲ್ಲೋ, ಅದು ನೆನಪಿಲ್ಲ. ಅರ್ಧ ರಾತ್ರಿ ಬೇರೆ ಬೇರೆ ಕಾಗುಣಿತ ಹಾಕಿ ನೋಡುತ್ತ ಕುಳಿತಿದ್ದೆ, ಎದೆ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ತೆರೆಯಿತು. ಕನ್ನಡ ಪದ ಬಳಸುವವರು ದೀರ್ಘವೂ ಮಹಾಪ್ರಾಣವೂ ಳಕಾರವೂ ಇಲ್ಲದ ಪದಗಳನ್ನೇ ಆರಿಸಿಕೊಳ್ಳಿ ಎಂದು ಕಳಕಳಿಯಿಂದ ಹೇಳುತ್ತೇನೆ. ಉಳಿದ ಪಾಸ್‌ವರ್ಡುಗಳೆಲ್ಲ ಕೀಪಾಸ್ ಎಂಬ ತಂತ್ರಾಂಶದ ಬೀಗ ಹಾಕಿದ ಕಡತವೊಂದರಲ್ಲಿವೆ. ಆ ಕಡತದ ಪಾಸ್‌ವರ್ಡ್ ಕಾಗದದ ಮೇಲೆ ಬರೆದು, ಲಕೋಟೆಯಲ್ಲಿ ಹಾಕಿ, ತೋಟದ ಪಹಣಿ ಇರುವ ಕಪಾಟಿನಲ್ಲಿಟ್ಟಿದ್ದೇನೆ. ಹೆಂಡತಿಗೂ ಅಕ್ಕನಿಗೂ ತಿಳಿಸಿದ್ದೇನೆ.

ಎಲ್ಲವನ್ನೂ ಬಿಡಿಸಿಕೊಳ್ಳಲಾಗಿಲ್ಲ. ಫೋನಿಗೆ ಬೇರೆ ಕಾರ್ಯಾಚರಣಾ ವ್ಯವಸ್ಥೆ ಹಾಕಲು ನೋಡಿದೆ, ಬ್ಯಾಂಕಿನ ಆ್ಯಪ್ ತೆರೆಯಲು ಒಪ್ಪಲಿಲ್ಲ, ಹಿಂದಕ್ಕೆ ಬಂದೆ. ಬ್ಯಾಂಕಿನ ಸಂಕೇತ ಇಂದಿಗೂ ಸಿಮ್ಮಿಗೇ ಬರುತ್ತದೆ. ವಾಟ್ಸ್‌ಆ್ಯಪ್ ಇದೆ, ಅದರ ಬ್ಯಾಕಪ್ಪಿಗೆ ನಾನೇ ಪಾಸ್‌ವರ್ಡ್ ಹಾಕಿದ್ದೇನೆ. ಮಿಂಚಂಚೆಗೆ ಬರುವ ಎರಡನೆಯ ಸಂಕೇತವನ್ನು ಎಸ್‌ಎಂಎಸ್‌ನಿಂದ ತೆಗೆದು ಫೋನಿನೊಳಗೇ ಸಂಕೇತ ಹುಟ್ಟಿಸುವ ಏಜಿಸ್ ಆ್ಯಪಿಗೆ ಬದಲಿಸಿದ್ದೇನೆ, ಅದರ ಪ್ರತಿಯೂ ಡಿಸ್ಕಿನಲ್ಲಿದೆ. ಗೂಗಲ್ ಖಾತೆ ಇಂತಿಷ್ಟು ತಿಂಗಳು ನಿಷ್ಕ್ರಿಯವಾದರೆ ಹೆಂಡತಿಗೆ ದತ್ತಾಂಶ ಸಿಗುವಂತೆ ಅದರ ಹೊಂದಾಣಿಕೆಯಲ್ಲೇ ಹೆಸರು ಬರೆದಿದ್ದೇನೆ. ಐದು ನಿಮಿಷದ ಕೆಲಸ, ಅಪ್ಪಯ್ಯನಿಗೆ ಮಾಡಿಕೊಡದೇ ಹೋದ ಕೆಲಸ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ, ನಾವು ತೀರಿಕೊಂಡ ಮೇಲೆ ನಮ್ಮ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡಬಹುದು ಎಂದಿದೆ. ಅಮ್ಮನ ಸಿಮ್ಮಿನ ರೀಚಾರ್ಜ್ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೆ.

ದೀಪಾವಳಿಗೆ ಅಕ್ಕ ಬಂದಾಗ ಡಿಸ್ಕು ಅದಲುಬದಲು ಮಾಡುತ್ತೇವೆ. ಈ ಸಲ ಅವಳು ತಂದ ಡಿಸ್ಕಿನ ಪ್ರತಿ ತುಣುಕನ್ನೂ ಓದಿಸಿ ಪರೀಕ್ಷಿಸಿದಾಗ ಎರಡು ಕಡೆ ದೋಷ ಸಿಕ್ಕಿತು. ಅದರಲ್ಲೊಂದು ಭಾಗವತರು ಕೊಟ್ಟಿದ್ದ ಧ್ವನಿಮುದ್ರಣದ ತುಣುಕು. ಮನೆಯ ಪ್ರತಿ ಸರಿಯಾಗಿತ್ತು. ಹೊಸ ಡಿಸ್ಕು ತಂದು ಅದರ ಮೇಲೆ ಎಲ್ಲವನ್ನೂ ಮತ್ತೆ ಬರೆದು ಅಕ್ಕನ ಚೀಲಕ್ಕೆ ಹಾಕಿದೆ. ಅವಳು ಹೊರಡುವ ಮುಂಚೆ ಅಮ್ಮ ಆ ಧ್ವನಿಮುದ್ರಣವನ್ನು ಪೂರ್ತಿ ಹಾಕಿಸಿಕೊಂಡು ಕೇಳಿದರು.